ನಿದ್ದೆಯಲ್ಲಿ ಮಗು ನಗುವುದೇಕೆ, ಬೆಚ್ಚಿ ಅಳುವುದೇಕೆ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ತೊಟ್ಟಿಲಲ್ಲಿ ಎಳೆಗೂಸು ಮಲಗಿದೆ. ಕಣ್ಣು ಮುಚ್ಚಿದೆ. ಇದ್ದಕ್ಕಿದ್ದಂತೆ ತುಟಿಯ ಅಂಚು ಅರಳುತ್ತದೆ. ಮರುಕ್ಷಣ ಮುಖ ಕಿವುಚಿ ಇನ್ನೇನು ಅತ್ತೇಬಿಡುತ್ತದೆ ಅನ್ನುವಾಗ ಮತ್ತೆ ನಗು. ಇಂಥ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಅದರ ಕೆಳಗೆ ಬರಹವೂ ಇರುತ್ತದೆ: ಮಗುವಿಗೆ ಹಿಂದಿನ ಜನ್ಮ ನೆನಪಾಗುತ್ತಿದೆ, ದೇವರು ಹೂವು ತೋರಿಸಿದಾಗ ನಗುತ್ತದೆ, ಬಚ್ಚಿಟ್ಟಾಗ ಅಳುತ್ತದೆ, ರಾತ್ರಿ ಬೆಚ್ಚಿದರೆ ದೃಷ್ಟಿ ತಾಗಿದೆ ಎಂದರ್ಥ, ತಲೆದಿಂಬಿನ ಕೆಳಗೆ ಕಬ್ಬಿಣದ ತುಂಡು ಇಡಿ. ಕೊನೆಗೆ, ಹತ್ತು ಜನರಿಗೆ ಕಳಿಸಿ.

ಇದರಲ್ಲಿ ಕೆಲವು ಮುದ್ದಾದ ಮಾತುಗಳು. ಅಜ್ಜಿ ತೊಟ್ಟಿಲ ಪಕ್ಕ ಕೂತು ಹೇಳಿದರೆ ಕೇಳಲು ಚೆಂದ, ಯಾರಿಗೂ ನಷ್ಟವಿಲ್ಲ. ತೊಂದರೆ ಶುರುವಾಗುವುದು ಅದನ್ನೇ ರೋಗದ ಲಕ್ಷಣ ಅಂದುಕೊಂಡಾಗ, ಅಥವಾ ನಿಜವಾದ ರೋಗದ ಲಕ್ಷಣವನ್ನು ದೃಷ್ಟಿ ಅಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿದ್ದಾಗ. ಹಾಗಾದರೆ ಮಕ್ಕಳು ನಿದ್ದೆಯಲ್ಲಿ ಮಾಡುವ ತಮಾಷೆಗಳಲ್ಲಿ ಯಾವುದಕ್ಕೆ ನಕ್ಕು ಸುಮ್ಮನಾಗಬಹುದು? ಯಾವುದನ್ನು ವೈದ್ಯರಿಗೆ ತೋರಿಸಲೇಬೇಕು? ಒಂದೊಂದಾಗಿ ನೋಡೋಣ.

ಹುಟ್ಟಿದ ಮಗು ನಿದ್ದೆಯಲ್ಲಿ ನಗುವುದೇಕೆ?

ನವಜಾತ ಶಿಶು ದಿನಕ್ಕೆ ಸುಮಾರು 16 ಗಂಟೆ ನಿದ್ದೆ ಮಾಡುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 'ಸಕ್ರಿಯ ನಿದ್ದೆ'. ದೊಡ್ಡವರಲ್ಲಿ ಇದನ್ನೇ ರೆಮ್ ನಿದ್ದೆ ಎನ್ನುತ್ತಾರೆ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರ ಓಡಾಡುತ್ತದೆ, ಉಸಿರಾಟ ಏರುಪೇರಾಗುತ್ತದೆ, ಮೆದುಳು ಎಚ್ಚರದಲ್ಲಿ ಇದ್ದಷ್ಟೇ ಚುರುಕಾಗಿರುತ್ತದೆ. ದೊಡ್ಡವರ ನಿದ್ದೆಯಲ್ಲಿ ಇದರ ಪಾಲು ನಾಲ್ಕನೇ ಒಂದು ಭಾಗವೂ ಇರುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು.

ಈ ನಿದ್ದೆ ಪತ್ತೆಯಾದದ್ದರ ಹಿಂದೆಯೂ ಮಕ್ಕಳೇ ಇದ್ದಾರೆ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್‌ಸ್ಕಿ ಎಂಬ ವಿದ್ಯಾರ್ಥಿಗೆ ಅವರ ಗುರು ನಥಾನಿಯಲ್ ಕ್ಲೈಟ್‌ಮನ್ ಕೊಟ್ಟ ಕೆಲಸ, ಮಲಗಿದ ಶಿಶುಗಳ ಕಣ್ಣು ಹೇಗೆ ಅಲುಗಾಡುತ್ತದೆ ಎಂದು ನೋಡುತ್ತಾ ಕೂರುವುದು. ಮುಂದೆ ಅಸೆರಿನ್‌ಸ್ಕಿ ತಮ್ಮ ಎಂಟು ವರ್ಷದ ಮಗನ ತಲೆಗೇ ತಂತಿ ಅಂಟಿಸಿ ಇಡೀ ರಾತ್ರಿ ಅಳತೆ ತೆಗೆದರು. ಯಂತ್ರದ ಮುಳ್ಳು ಎಷ್ಟು ಜೋರಾಗಿ ಕುಣಿಯಿತೆಂದರೆ ಹುಡುಗ ಎಚ್ಚರವಾಗಿದ್ದಾನೆ ಅಂದುಕೊಂಡರು. ಹೋಗಿ ನೋಡಿದರೆ ಗಾಢವಾಗಿ ಮಲಗಿದ್ದಾನೆ. 1953ರಲ್ಲಿ ಗುರುಶಿಷ್ಯರು ಇದನ್ನು ಪ್ರಕಟಿಸಿದ ಮೇಲೆಯೇ ಕನಸಿನ ಅಧ್ಯಯನಕ್ಕೆ ವೈಜ್ಞಾನಿಕ ದಾರಿ ತೆರೆದದ್ದು.

ಈಗ ನಗುವಿನ ವಿಷಯಕ್ಕೆ ಬರೋಣ. ಸಕ್ರಿಯ ನಿದ್ದೆಯಲ್ಲಿ ಮಗುವಿನ ಮೆದುಳು ತನ್ನಷ್ಟಕ್ಕೆ ತಾನೇ ಸ್ನಾಯುಗಳಿಗೆ ಸೂಚನೆ ಕಳಿಸುತ್ತಿರುತ್ತದೆ. ಒಮ್ಮೆ ತುಟಿಯ ಸ್ನಾಯು, ಒಮ್ಮೆ ಹುಬ್ಬು, ಒಮ್ಮೆ ಕಾಲ ಬೆರಳು. ದೊಡ್ಡವರಲ್ಲಿ ರೆಮ್ ನಿದ್ದೆಯ ಹೊತ್ತಿಗೆ ಮೆದುಳು ಕೈಕಾಲುಗಳಿಗೆ ಬೀಗ ಹಾಕಿಬಿಡುತ್ತದೆ. ಎಳೆ ಮಕ್ಕಳಲ್ಲಿ ಆ ಬೀಗ ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಒಳಗಿನ ಸಂಚಲನ ಹೊರಗೆ ಕಾಣಿಸುತ್ತದೆ. ಇಲಿಮರಿಗಳ ಮೇಲೆ ನಡೆದ ಅಧ್ಯಯನಗಳ ಪ್ರಕಾರ ನಿದ್ದೆಯಲ್ಲಿನ ಈ ಸಣ್ಣ ಮಿಡುಕಾಟಗಳು ವ್ಯರ್ಥವಲ್ಲ. ಯಾವ ಸೂಚನೆ ಕಳಿಸಿದರೆ ಯಾವ ಅಂಗ ಅಲುಗಾಡುತ್ತದೆ ಎಂಬುದನ್ನು ಮೆದುಳು ಹೀಗೆ ಕಲಿಯುತ್ತದೆ. ಹೊಸ ಮನೆಗೆ ವೈರಿಂಗ್ ಆದ ಮೇಲೆ ಎಲೆಕ್ಟ್ರಿಷಿಯನ್ ಒಂದೊಂದೇ ಸ್ವಿಚ್ ಹಾಕಿ ಯಾವ ದೀಪ ಹತ್ತುತ್ತದೆ ಎಂದು ನೋಡುತ್ತಾನಲ್ಲ, ಹಾಗೆ.

ನಿಮ್ಮ ಮುಖ ನೋಡಿ, ನಿಮ್ಮನ್ನೇ ಉದ್ದೇಶಿಸಿ ಮಗು ನಗುವುದು ಸಾಮಾನ್ಯವಾಗಿ 6ರಿಂದ 8 ವಾರಗಳ ಹೊತ್ತಿಗೆ. ಅದಕ್ಕೆ ಮುಂಚಿನದು ತಂತಾನೇ ಮೂಡುವ ನಗು.

ಹಾಗಾದರೆ ಆ ವಯಸ್ಸಿನಲ್ಲಿ ಕನಸು ಬೀಳುತ್ತದೆಯೇ? ಕನಸು ಬಿತ್ತೆಂದು ತಿಳಿಯಲು ಇರುವ ದಾರಿ ಒಂದೇ, ಕಂಡವರನ್ನು ಕೇಳುವುದು. ಮಾತು ಬಾರದ ಮಗುವನ್ನು ಕೇಳುವಂತಿಲ್ಲ. ಆದ್ದರಿಂದ ಶಿಶು ಹಿಂದಿನ ಜನ್ಮ ಕಾಣುತ್ತಿದೆ ಎಂದು ಯಾರಾದರೂ ಖಚಿತವಾಗಿ ಬರೆದಿದ್ದರೆ, ಅದನ್ನು ಬರೆದವರಿಗೂ ಗೊತ್ತಿರಲು ಸಾಧ್ಯವಿಲ್ಲ ಎಂಬುದಂತೂ ಖಚಿತ.

ಮಾತು ಬಂದ ಮಕ್ಕಳಿಗೆ ಎಂಥ ಕನಸು?

ಈ ಪ್ರಶ್ನೆಯ ಬೆನ್ನು ಹತ್ತಿದವರು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಫೌಲ್ಕ್ಸ್. ಮಕ್ಕಳನ್ನು ಪ್ರಯೋಗಾಲಯದಲ್ಲಿ ಮಲಗಿಸಿ, ರೆಮ್ ನಿದ್ದೆ ಶುರುವಾದಾಗ ಎಬ್ಬಿಸಿ, ಈಗ ಏನು ಕಾಣುತ್ತಿತ್ತು ಎಂದು ಕೇಳಿದರು. ಅವೇ ಮಕ್ಕಳನ್ನು ವರ್ಷಾನುಗಟ್ಟಲೆ ಮತ್ತೆ ಮತ್ತೆ ಕರೆಸಿ ಹೀಗೆಯೇ ಕೇಳಿದರು.

ಸಿಕ್ಕ ಉತ್ತರ ಅವರಿಗೇ ಅಚ್ಚರಿ. ಮೂರರಿಂದ ಐದು ವರ್ಷದ ಮಕ್ಕಳನ್ನು ಎಬ್ಬಿಸಿದಾಗ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಬಾರಿ ಏನೂ ಇಲ್ಲ ಎಂಬ ಉತ್ತರವೇ ಬಂತು. ಹೇಳಿದ ಕನಸುಗಳೂ ಬಹಳ ಸಪ್ಪೆ. ಒಂದು ಪ್ರಾಣಿ ನಿಂತಿತ್ತು, ತಾನು ಎಲ್ಲೋ ಮಲಗಿದ್ದೆ, ಅಷ್ಟೇ. ಕಥೆಯಿಲ್ಲ, ಓಡಾಟವಿಲ್ಲ, ಎಷ್ಟೋ ಸಲ ಕನಸಿನೊಳಗೆ ಕನಸು ಕಾಣುವ ಮಗುವೇ ಇಲ್ಲ. ಸಿನಿಮಾದ ಬದಲು ಗೋಡೆಗೆ ಅಂಟಿಸಿದ ಒಂದು ಫೋಟೊ ಇದ್ದ ಹಾಗೆ. ಐದರಿಂದ ಏಳರ ನಡುವೆ ಪಾತ್ರಗಳು ಅಲುಗಾಡತೊಡಗುತ್ತವೆ. ಏಳೆಂಟರ ನಂತರ 'ನಾನು' ಕನಸಿನೊಳಗೆ ಓಡಾಡತೊಡಗುತ್ತದೆ. ಒಂಬತ್ತು ಹತ್ತು ದಾಟಿದ ಮೇಲೆ ಎಬ್ಬಿಸಿದರೆ ಹತ್ತರಲ್ಲಿ ಸುಮಾರು ಎಂಟು ಸಲ ಕನಸು ಹೇಳುತ್ತಾರೆ, ದೊಡ್ಡವರ ಹಾಗೆಯೇ.

ಇದನ್ನು ಎಲ್ಲರೂ ಒಪ್ಪುವುದಿಲ್ಲ. ಪುಟ್ಟ ಮಕ್ಕಳಿಗೆ ಹೇಳಲು ಪದ ಸಾಲದಿರಬಹುದು, ನಡುರಾತ್ರಿ ಪ್ರಯೋಗಾಲಯದಲ್ಲಿ ಎಬ್ಬಿಸಿದರೆ ಯಾವ ಮಗು ತಾನೇ ಬಾಯಿ ಬಿಟ್ಟೀತು ಎಂಬುದು ಇತರ ಸಂಶೋಧಕರ ಆಕ್ಷೇಪ. ಮನೆಯಲ್ಲಿ, ಬೆಳಿಗ್ಗೆ, ಅಮ್ಮನೇ ಕೇಳಿದರೆ ಕನಸುಗಳು ಉದ್ದವಾಗಿ ಬರುತ್ತವೆ. ಆದರೆ ಅಲ್ಲಿ ಇನ್ನೊಂದು ತೊಡಕಿದೆ. ಮೂರೂವರೆ ವರ್ಷದ ಮಗನನ್ನು ಕನಸಿನಲ್ಲಿ ಏನಾಯ್ತು ಕಂದಾ ಎಂದು ಕೇಳಿ ನೋಡಿ. ಆನೆ ಬಂತು ಎನ್ನುತ್ತಾನೆ. ಆಮೇಲೆ? ಆನೆ ಬಸ್ ಹತ್ತಿತು. ಆಮೇಲೆ? ಕಂಡಕ್ಟರ್ ಟಿಕೆಟ್ ಕೇಳಿದ. ನೀವು ಎಷ್ಟು ಸಲ ಆಮೇಲೆ ಎನ್ನುತ್ತೀರೋ ಅಷ್ಟು ಸ್ಟಾಪ್ ಬಸ್ ಮುಂದೆ ಹೋಗುತ್ತದೆ. ಇದರಲ್ಲಿ ಕನಸು ಎಷ್ಟು, ಅಪ್ಪನನ್ನು ಖುಷಿಪಡಿಸಲು ಆಗಿಂದಾಗ್ಗೆ ಕಟ್ಟಿದ್ದು ಎಷ್ಟು ಎಂದು ಅವನಿಗೂ ಗೊತ್ತಿರುವುದಿಲ್ಲ. ಸುಳ್ಳು ಹೇಳುತ್ತಿದ್ದಾನೆ ಎಂದು ಗದರುವ ಅಗತ್ಯವಿಲ್ಲ. ಅವನ ಮಾತಿನಲ್ಲಿ ಭವಿಷ್ಯ ಹುಡುಕುವ ಅಗತ್ಯವೂ ಇಲ್ಲ.

"ಅಜ್ಜಿ, ನೀನೂ ಇದ್ದೆಯಲ್ಲ!"

ಕನಸು ಎಲ್ಲಿ ನಡೆಯುತ್ತದೆ? ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಸುಮಾರು ನೂರು ವರ್ಷಗಳ ಹಿಂದೆ ಮಕ್ಕಳನ್ನು ಈ ಪ್ರಶ್ನೆ ಕೇಳಿದರು. ಐದಾರು ವರ್ಷದವರ ಉತ್ತರ: ಹೊರಗಿನಿಂದ ಬರುತ್ತದೆ, ಕೋಣೆಯಲ್ಲೇ ಇರುತ್ತದೆ. ಸ್ವಲ್ಪ ದೊಡ್ಡವರು ಕನಸು ತಲೆಯಿಂದ ಹುಟ್ಟುತ್ತದೆ, ಆದರೆ ಕಣ್ಣೆದುರು ಕೋಣೆಯಲ್ಲಿ ನಡೆಯುತ್ತದೆ ಎಂದರು. ಒಂಬತ್ತು ಹತ್ತು ವರ್ಷದವರು ಮಾತ್ರ ಎಲ್ಲವೂ ತಲೆಯೊಳಗೇ ಎಂದು ಹೇಳಿದರು. ಮಕ್ಕಳು ಪಿಯಾಜೆ ಅಂದುಕೊಂಡದ್ದಕ್ಕಿಂತ ಬೇಗನೆ, ಮೂರು ನಾಲ್ಕು ವರ್ಷಕ್ಕೇ, ಕನಸು ನಿಜವಲ್ಲ ಎಂದು ತಿಳಿಯತೊಡಗುತ್ತಾರೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಆದರೂ ನಡುರಾತ್ರಿ ನಿದ್ದೆಗಣ್ಣಿನಲ್ಲಿ ಆ ತಿಳಿವಳಿಕೆ ಕೈಕೊಡುತ್ತದೆ.

ಅದಕ್ಕೇ ಬೆಳಿಗ್ಗೆ ಎದ್ದ ಮಗು, ನಿನ್ನೆ ರಾತ್ರಿ ನಾಯಿ ಬಂದಿತ್ತಲ್ಲ ಅಜ್ಜಿ, ನೀನೂ ಇದ್ದೆಯಲ್ಲ, ಯಾಕೆ ಓಡಿಸಲಿಲ್ಲ ಎಂದು ಜಗಳಕ್ಕೆ ಬರುವುದು. ಕನಸಿನಲ್ಲಿ ಅಣ್ಣ ಚಾಕೊಲೇಟ್ ಕಿತ್ತುಕೊಂಡದ್ದಕ್ಕೆ ನಿಜವಾದ ಅಣ್ಣನಿಗೆ ಏಟು ಬೀಳುವುದು. ಮಗುವಿನ ಲೆಕ್ಕದಲ್ಲಿ ಇದು ನ್ಯಾಯವೇ.

ಹಗಲಿನ ಎಷ್ಟೋ ತಮಾಷೆಗಳ ಮೂಲವೂ ಇದೇ. ಕಣ್ಣಾಮುಚ್ಚಾಲೆಯಲ್ಲಿ ಮೂರು ವರ್ಷದ ಮಗು ಕೋಣೆಯ ನಡುವೆ ನಿಂತು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ತಾನು ಅಡಗಿದ್ದೇನೆ ಎನ್ನುತ್ತದೆ. ಕೇಂಬ್ರಿಡ್ಜ್‌ನ ಸಂಶೋಧಕರು 2012ರಲ್ಲಿ ಇದನ್ನೇ ಪರೀಕ್ಷಿಸಿದರು. ನಿನ್ನ ಮೈ ಕಾಣುತ್ತದೆಯೇ ಎಂದರೆ ಮಕ್ಕಳು ಹೌದು ಎಂದರು. ನೀನು ಕಾಣುತ್ತೀಯಾ ಎಂದರೆ ಇಲ್ಲ ಎಂದರು. ಕಣ್ಣಿಗೆ ಕಣ್ಣು ಸೇರಿದರೆ ಮಾತ್ರ ನನ್ನನ್ನು ನೋಡಿದಂತೆ ಎಂಬುದು ಅವರ ನಂಬಿಕೆ. 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳು ಅಂಗೈಯಷ್ಟಿರುವ ಆಟಿಕೆ ಕಾರಿನೊಳಗೆ ಕಾಲು ತೂರಿಸಿ ಕೂರಲು ಗಂಭೀರವಾಗಿ ಪ್ರಯತ್ನಿಸಿದರು. ನಾನು ಅಂದರೆ ಎಷ್ಟು ದೊಡ್ಡದು, ಎಲ್ಲಿಂದ ಎಲ್ಲಿಯವರೆಗೆ, ಒಳಗೆ ಯಾವುದು, ಹೊರಗೆ ಯಾವುದು, ಇವೆಲ್ಲ ಹುಟ್ಟಿನಿಂದ ಬರುವ ತಿಳಿವಳಿಕೆಯಲ್ಲ. ಮಗು ಇದನ್ನು ವರ್ಷಗಟ್ಟಲೆ ಕಲಿಯುತ್ತದೆ. ಕನಸೂ ಆ ಕಲಿಕೆಯ ಜೊತೆಜೊತೆಗೇ ಬೆಳೆಯುತ್ತದೆ.

ನಡುರಾತ್ರಿ ಕಿರುಚಿ ಎದ್ದು ಕೂತರೆ?

ಹೆಚ್ಚು ಮನೆಗಳು ಹೆದರುವುದು ಇದಕ್ಕೆ. ನಾಲ್ಕು ವರ್ಷದ ಮಗು ಒಂಬತ್ತಕ್ಕೆ ಮಲಗಿದೆ. ಹನ್ನೊಂದರ ಹೊತ್ತಿಗೆ ಚೀರಿ ಎದ್ದು ಕೂರುತ್ತದೆ. ಕಣ್ಣು ಅಗಲವಾಗಿ ತೆರೆದಿದೆ, ಮೈ ಬೆವರಿದೆ, ಎದೆ ಡವಡವ ಹೊಡೆದುಕೊಳ್ಳುತ್ತಿದೆ. ಅಮ್ಮ ಅಪ್ಪಿಕೊಂಡರೆ ತಳ್ಳುತ್ತದೆ, ಅಮ್ಮನ ಗುರುತೇ ಇಲ್ಲ. ಕೆಲವು ನಿಮಿಷ ಕಳೆದ ಮೇಲೆ ಏನೂ ಆಗದವರಂತೆ ಮಲಗಿಬಿಡುತ್ತದೆ. ಬೆಳಿಗ್ಗೆ ಕೇಳಿದರೆ ಒಂದೂ ನೆನಪಿಲ್ಲ. ತೆರೆದ ಕಣ್ಣು, ಗುರುತು ಸಿಗದ ನೋಟ, ಇದನ್ನು ಕಂಡವರು ಬಾಲಗ್ರಹ, ಗಾಳಿ ಸೋಕಿದೆ ಎಂದುಕೊಂಡರೆ ಆಶ್ಚರ್ಯವಿಲ್ಲ.

ಇದಕ್ಕೆ ವೈದ್ಯರು ಹೇಳುವ ಹೆಸರು ನೈಟ್ ಟೆರರ್. ಇದು ಕೆಟ್ಟ ಕನಸಲ್ಲ. ಗಾಢ ನಿದ್ದೆಯಿಂದ ಮೆದುಳಿನ ಒಂದು ಭಾಗ ಅರ್ಧ ಎಚ್ಚರಗೊಂಡು, ಉಳಿದದ್ದು ಇನ್ನೂ ಮಲಗಿಯೇ ಇರುವ ಸ್ಥಿತಿ. ನಿದ್ದೆಯಲ್ಲಿ ನಡೆಯುವುದೂ ಇದೇ ಜಾತಿಯದು. ಎರಡೂ ವಂಶದಲ್ಲಿ ಹರಿದು ಬರುವುದುಂಟು. ಅಪ್ಪ ಚಿಕ್ಕವನಿದ್ದಾಗ ಹೀಗೆ ಮಾಡುತ್ತಿದ್ದನೇ ಎಂದು ಅಜ್ಜಿಯನ್ನು ಕೇಳಿ ನೋಡಿ.

ಎರಡನ್ನೂ ಬೇರೆ ಮಾಡಿ ಗುರುತಿಸಲು ಗಡಿಯಾರ ಸಾಕು:

• ಮಲಗಿದ ಎರಡು ಮೂರು ಗಂಟೆಯೊಳಗೆ ಕಿರುಚಾಟ, ಸಮಾಧಾನಕ್ಕೆ ಬಗ್ಗುವುದಿಲ್ಲ, ಬೆಳಿಗ್ಗೆ ನೆನಪಿಲ್ಲ: ನೈಟ್ ಟೆರರ್ ಇರಬಹುದು.
• ಬೆಳಗಿನ ಜಾವದ ಕಡೆಗೆ ಅಳು, ಪೂರ್ತಿ ಎಚ್ಚರ, ಅಮ್ಮನನ್ನು ತಬ್ಬಿಕೊಳ್ಳುತ್ತದೆ, ಏನು ಕಂಡಿತು ಎಂದು ಹೇಳುತ್ತದೆ: ಕೆಟ್ಟ ಕನಸು.

ನೈಟ್ ಟೆರರ್ ಆದಾಗ ಮಗುವನ್ನು ಅಲ್ಲಾಡಿಸಬೇಡಿ, ಮುಖಕ್ಕೆ ನೀರು ಚಿಮುಕಿಸಬೇಡಿ. ಎಬ್ಬಿಸಿದರೆ ಪ್ರಾಣಕ್ಕೆ ಅಪಾಯ ಎಂಬ ಫಾರ್ವರ್ಡ್ ಸುಳ್ಳು. ಆದರೆ ಎಬ್ಬಿಸಿದರೆ ಉಪಯೋಗವೂ ಇಲ್ಲ, ಗೊಂದಲ ಹೆಚ್ಚಾಗಿ ಕಿರುಚಾಟ ಇನ್ನೂ ಲಂಬಿಸಬಹುದು. ಪಕ್ಕದಲ್ಲಿ ಕೂತು, ಮಂಚದಿಂದ ಬೀಳದಂತೆ, ಮೆಟ್ಟಿಲ ಕಡೆ ಓಡದಂತೆ ನೋಡಿಕೊಂಡರೆ ಸಾಕು. ನಿದ್ದೆ ಕಡಿಮೆಯಾದಾಗ, ಜ್ವರ ಬಂದಾಗ, ಮೂತ್ರ ಕಟ್ಟಿಕೊಂಡು ಮಲಗಿದಾಗ ಇದು ಹೆಚ್ಚು. ಮದುವೆ, ಜಾತ್ರೆ ಎಂದು ಎರಡು ದಿನ ನಿದ್ದೆಗೆಟ್ಟು ಬಂದ ರಾತ್ರಿ ಮಗು ಬೆಚ್ಚಿದರೆ, ಅಲ್ಲಿ ಯಾರ ಕಣ್ಣು ಬಿತ್ತು ಎಂದು ಯೋಚಿಸುವ ಮೊದಲು ಎಷ್ಟು ಗಂಟೆ ನಿದ್ದೆ ತಪ್ಪಿತು ಎಂದು ಲೆಕ್ಕ ಹಾಕಿ. ಹೆಚ್ಚಿನ ಮಕ್ಕಳಲ್ಲಿ ಬೆಳೆದಂತೆ ಇದು ತಾನಾಗಿ ನಿಲ್ಲುತ್ತದೆ.

ಕೆಟ್ಟ ಕನಸಾದರೆ ಅಪ್ಪಿಕೊಳ್ಳಿ, ಕೇಳಿಸಿಕೊಳ್ಳಿ, ದೀಪ ಹಾಕಿ ಕೋಣೆ ತೋರಿಸಿ. ಮಲಗುವ ಮುಂಚೆ ಫೋನಿನಲ್ಲಿ ಭಯದ ವಿಡಿಯೊ ಬೇಡ. ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ ಎಂಬ ಬೆದರಿಕೆಯೂ ಬೇಡ. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಬಾಲಕೃಷ್ಣನೇ ಗುಮ್ಮನ ಹೆಸರಿಗೆ ಅಂಜುತ್ತಾನೆ. ಇನ್ನು ಕನಸು ಕೋಣೆಯಲ್ಲೇ ಇರುತ್ತದೆ ಎಂದು ನಂಬುವ ವಯಸ್ಸಿನ ನಮ್ಮ ಮಕ್ಕಳ ಪಾಡೇನು?

ಸುಮ್ಮನಿರಬಾರದ ಲಕ್ಷಣಗಳು

ಮೇಲೆ ಹೇಳಿದ್ದೆಲ್ಲ ನಕ್ಕು ಬಿಡಬಹುದಾದದ್ದು, ಇಲ್ಲವೇ ಕಾದು ನೋಡಬಹುದಾದದ್ದು. ಈಗ ಹೇಳುವುದು ಹಾಗಲ್ಲ.

ಮಿಡುಕಾಟವೋ, ಫಿಟ್ಸೋ? ಎಳೆಗೂಸಿನ ಕೈಕಾಲು ನಿದ್ದೆಯಲ್ಲಿ ಮಾತ್ರ ಮಿಡುಕಿ, ಎಚ್ಚರವಾದ ಕೂಡಲೇ ನಿಂತರೆ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಮೂರು ತಿಂಗಳಿಂದ ಒಂದು ವರ್ಷದೊಳಗಿನ ಮಗು, ಹೆಚ್ಚಾಗಿ ನಿದ್ದೆಯಿಂದ ಏಳುವ ಹೊತ್ತಿಗೆ, ತಲೆ ಬಗ್ಗಿಸಿ ಎರಡೂ ಕೈ ಚಾಚಿ ಬೆಚ್ಚಿದಂತೆ ಮಾಡುವುದು, ಕೆಲವು ಸೆಕೆಂಡು ಬಿಟ್ಟು ಮತ್ತೆ ಅದೇ, ಮತ್ತೆ ಅದೇ, ಹೀಗೆ ಸಾಲಾಗಿ ಬಂದರೆ ಅದು ಇನ್ಫ್ಯಾಂಟೈಲ್ ಸ್ಪಾಸಮ್ ಎಂಬ ಗಂಭೀರ ಫಿಟ್ಸ್ ಇರಬಹುದು. ನಗುತ್ತಿದ್ದ ಮಗು ನಗುವುದನ್ನು ನಿಲ್ಲಿಸಿದ್ದರೆ, ಕಲಿತದ್ದನ್ನು ಮರೆಯುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ನೋಡಲು ಇದು ಸಾಧಾರಣ ಬೆಚ್ಚುವಿಕೆಯ ಹಾಗೆಯೇ ಇರುತ್ತದೆ, ಅದಕ್ಕೇ ಎಷ್ಟೋ ಮನೆಗಳಲ್ಲಿ ಹೊಟ್ಟೆನೋವು, ದೃಷ್ಟಿ ಎಂದು ವಾರಗಳು ಕಳೆದುಹೋಗುತ್ತವೆ. ಚಿಕಿತ್ಸೆ ಬೇಗ ಶುರುವಾದಷ್ಟೂ ಮೆದುಳಿಗೆ ಒಳ್ಳೆಯದು. ಅದೇ ದಿನ ಮಕ್ಕಳ ವೈದ್ಯರನ್ನು ಕಾಣಿ.

ಗೊರಕೆ, ತುರಿಕೆ. ದಿನವೂ ಗೊರಕೆ, ಬಾಯಿ ತೆರೆದೇ ನಿದ್ದೆ, ಉಸಿರು ನಿಂತು ಎಳೆದುಕೊಂಡಂತೆ ಶಬ್ದ ಬಂದರೆ ಟಾನ್ಸಿಲ್ ಅಥವಾ ಅಡಿನಾಯ್ಡ್ ಉಸಿರಿನ ದಾರಿಗೆ ಅಡ್ಡವಾಗಿರಬಹುದು. ರಾತ್ರಿ ಹೊರಳಾಡಿ ಹಿಂಭಾಗ ಕೆರೆದುಕೊಳ್ಳುತ್ತಿದ್ದರೆ ಜಂತುಹುಳು ಇರಬಹುದು. ನೆಗಡಿಯ ನಂತರ ಕಿವಿ ಹಿಡಿದುಕೊಂಡು ಅತ್ತರೆ ಕಿವಿಯ ಸೋಂಕು ಇರಬಹುದು. ಇವೆಲ್ಲಕ್ಕೂ ಔಷಧ, ಚಿಕಿತ್ಸೆ ಇದೆ.

ನೈಟ್ ಟೆರರ್ ಎಂದುಕೊಂಡದ್ದೂ ದಿನವೂ ಬಂದರೆ, ಒಂದೇ ರಾತ್ರಿ ಹಲವು ಸಲ ಬಂದರೆ, ಮೈ ಸೆಟೆದುಕೊಂಡರೆ ಅಥವಾ ಒಂದೇ ಥರದ ಅಲುಗಾಟ ಪ್ರತಿ ಸಲವೂ ಕಂಡರೆ ವೈದ್ಯರಿಗೆ ತೋರಿಸಿ.

ಒಬ್ಬ ವ್ಯಕ್ತಿಯ ಭಯ. ಮಗು ಹಗಲಿನಲ್ಲೂ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಅಥವಾ ಒಂದು ಜಾಗಕ್ಕೆ ಹೆದರುತ್ತಿದ್ದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದ್ದರೆ, ಕನಸು ಬಿಡು ಎಂದು ತಳ್ಳಿಹಾಕಬೇಡಿ. ಆಮೇಲೆ ಆಮೇಲೆ ಎಂದು ಉತ್ತರವನ್ನು ನೀವೇ ಬಾಯಿಗೆ ತುರುಕಲೂ ಬೇಡಿ. ಶಾಂತವಾಗಿ ಕೇಳಿಸಿಕೊಳ್ಳಿ, ನಂಬಿ. ಸಹಾಯ ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಮನೆಮದ್ದಿನ ಹೆಸರಲ್ಲಿ ಆಗುವ ಅಪಾಯ

ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಅಜ್ಜಿಗೆ ಸಮಾಧಾನವಾಗುವುದಾದರೆ ಆಗಲಿ, ಆದರೆ ಅದರ ಘಾಟು ಹೊಗೆ ಮಗುವಿನ ಕೋಣೆಗೆ ಬರದಿರಲಿ. ತಲೆದಿಂಬಿನ ಕೆಳಗೆ ಕತ್ತಿ, ಕಬ್ಬಿಣ, ಕುತ್ತಿಗೆಗೆ ಬಿಗಿ ದಾರದ ತಾಯತ ಬೇಡ. ಕಬ್ಬಿಣದಿಂದ ಗಾಯವಾಗುತ್ತದೆ, ದಾರದಿಂದ ಉಸಿರು ಕಟ್ಟಬಹುದು. ಒಂದು ವರ್ಷದವರೆಗೆ ಮಗುವನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಮಲಗಿಸಿ. ದಿಂಬು, ಮೆತ್ತನೆಯ ರಜಾಯಿ, ಗೊಂಬೆ ಮುಖದ ಹತ್ತಿರ ಇರದಿರಲಿ. ರಾತ್ರಿ ಸುಮ್ಮನೆ ಮಲಗಲಿ ಎಂದು ಜೇನುತುಪ್ಪ ನೆಕ್ಕಿಸಬೇಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬಾಟುಲಿಸಮ್ ಎಂಬ ಅಪಾಯಕಾರಿ ವಿಷಬಾಧೆ ಆಗಬಹುದು. ದೊಡ್ಡವರ ನಿದ್ದೆಮಾತ್ರೆ, ಕೆಮ್ಮಿನ ಸಿರಪ್ಪಿನ ಹತ್ತಿರವೂ ಹೋಗಬೇಡಿ.

ಕೊನೆಯದಾಗಿ

ನಿದ್ದೆಯಲ್ಲಿ ಮಗು ನಕ್ಕರೆ ನೀವೂ ನಗಿ. ಬೆಳಿಗ್ಗೆ ಆನೆ ಬಸ್ ಹತ್ತಿದ ಕಥೆ ಹೇಳಿದರೆ ಟಿಕೆಟ್ ಎಷ್ಟಾಯ್ತು ಎಂದು ಕೇಳಿ. ಆದರೆ ಮಗುವಿನ ಬೆಚ್ಚುವಿಕೆ ಅಥವಾ ಅಳು ಪದೇಪದೇ ಒಂದೇ ರೀತಿ ಬಂದು ನಿಮಗೆ ಅನುಮಾನ ಮೂಡಿದರೆ, ಫಾರ್ವರ್ಡ್ ಹುಡುಕುವ ಅದೇ ಫೋನಿನಲ್ಲಿ ಒಂದೆರಡು ನಿಮಿಷದ ವಿಡಿಯೊ ಮಾಡಿ. ಮಲಗಿದ್ದು ಎಷ್ಟು ಗಂಟೆಗೆ, ಬೆಚ್ಚಿದ್ದು ಎಷ್ಟು ಗಂಟೆಗೆ, ಎಷ್ಟು ಸಲ ಎಂದು ಬರೆದಿಟ್ಟುಕೊಳ್ಳಿ. ಕ್ಲಿನಿಕ್ಕಿಗೆ ಹೋದಾಗ ಮಗು ಬಹುಪಾಲು ಆಟವಾಡಿಕೊಂಡೇ ಇರುತ್ತದೆ, ಬಾಯಿಮಾತಿನಲ್ಲಿ ಹೇಳಿದರೆ ವೈದ್ಯರಿಗೆ ತಿಳಿಯುವುದು ಕಷ್ಟ. ವಿಡಿಯೊ ನೋಡಿದರೆ ಎಷ್ಟೋ ಸಲ ತಕ್ಷಣ ಗೊತ್ತಾಗುತ್ತದೆ. ಆ ವಿಡಿಯೊ ಗ್ರೂಪಿಗೆ ಹೋಗುವುದು ಬೇಡ, ವೈದ್ಯರಿಗೆ ತೋರಿಸಿದರೆ ಸಾಕು.